ಕೀಲು ತೆಗೆಯೋಲ್ಲ

ಗ್ರಾಸಿಯಾನಾ ಓಯಾರ್ಸಾಬಾಲ್ ಬಂದೂಕು ಖಾಲಿಯಿದೆಯೇ ಎಂದು ಎರಡೆರಡು ಸಲ ನೋಡಿದಳು. ಭುಜಕ್ಕೆ ಆನಿಸುವ ಹಿಂಬದಿಯ ಬಟ್ಟನ್ನು ಕೀಲಿನ ಮೇಲೆ ತಿರುಗಿಸಿ ಪಕ್ಕಕ್ಕೆ ಮಡಚಿ ಬೆನ್ನಚೀಲದೊಳಕ್ಕೆ ಇಳಿಸಿದಳು. ಸುತ್ತ ನಿಂತಿದ್ದ ಗಂಡಸರಲ್ಲಿ ಒಬ್ಬಿಬ್ಬರು ಕಿಸಕ್ಕನೆ ನಕ್ಕರು.

"ಏನ್ ಗ್ರಾಸಿ, ಇದು ಬಂದೂಕೋ, ಕೊಡೆಯೋ?" ಎಂದ ವರ್ಲ್ ಹ್ಯಾಸ್ಕೆಟ್. ಬಿಗ್‌ಹಾರ್ನ್ ಬೆಟ್ಟದ ತಪ್ಪಲಿನ ಆ ಗುರಿಕಾರರ ಕ್ಲಬ್ಬಿಗೆ ಅವನೇ ಅಧ್ಯಕ್ಷ.

"ಕೊಡೆ ಅಂತ್ಲೇ ಇಟ್ಕೋ. ಮಳೆ ಬಂದಾಗ ನಿನ್ನನ್ನ ಒಳಗೆ ಕರೆಯೋಲ್ಲ ಅಷ್ಟೆ."

ಜೋಡಿಗಳ ಪಂದ್ಯ ಅದು. ಇಬ್ಬಿಬ್ಬರು ಜೊತೆಯಾಗಿ, ಬೇಕಾದ್ದನ್ನೆಲ್ಲ ಬೆನ್ನ ಮೇಲೆ ಹೊತ್ತು, ಬೆಟ್ಟ ಹತ್ತುತ್ತ, ಅಲ್ಲಲ್ಲಿ ಮಲಗಿ ಕಣಿವೆಯಾಚೆಗಿನ ಉಕ್ಕಿನ ತಟ್ಟೆಗಳಿಗೆ ಗುರಿಯಿಡಬೇಕು. ಹೊತ್ತು ಹತ್ತಲಾರದವರನ್ನು ಕೂರಿಸಿಕೊಂಡು ಬರಲು ಕ್ಲಬ್ಬಿನದೊಂದು ಜೀಪು ಹಿಂದೆ ಇರುತ್ತಿತ್ತು. ಹೋದ ವರ್ಷ ಆ ಜೀಪಿನಲ್ಲಿ ಗ್ರಾಸಿ ಕೂತಿದ್ದಳು.

ಅದಕ್ಕೂ ಹಿಂದಿನ ವಸಂತದಲ್ಲಿ ಕುರಿಗಳನ್ನು ಬೆಟ್ಟಕ್ಕೆ ಹೊಡೆದುಕೊಂಡು ಹೋಗುವಾಗ ಅವಳ ಕುದುರೆ ಜಾರಿ ಅವಳ ಮೇಲೆಯೇ ಬಿದ್ದಿತ್ತು. ಬಲಭುಜದ ಎಲುಬಿಗೆ ಈಗ ಲೋಹದ ಪಟ್ಟಿ. ಮೊದಲೇ ಕುಳ್ಳಿ. ಉದ್ದನೆಯ ಬಂದೂಕು ಬೆನ್ನಿಗೇರಿದರೆ ಅದರ ತುದಿ ತಲೆಯಿಂದ ಮೇಲಕ್ಕೆ ಚಾಚಿ ದಾರಿಯ ಜೂನಿಪರ್ ಕೊಂಬೆಗಳಿಗೆಲ್ಲ ಸಿಕ್ಕಿಕೊಳ್ಳುತ್ತಿತ್ತು. ಒಂದೊಂದು ಜಗ್ಗಿಗೂ ಭುಜದಲ್ಲಿ ಬೆಂಕಿ. ಕಡೆಗೆ ಅರ್ಧ ದಾರಿಯಲ್ಲಿ ಕುಸಿದು ಕೂತಿದ್ದಳು. ವರ್ಲ್ ಅವಳನ್ನು ಜೀಪಿಗೆ ಹತ್ತಿಸಿ, ಕಾಲ ಮೇಲೊಂದು ಕಂಬಳಿ ಹೊದಿಸಿ, "ಸಾಕು ತಾಯಿ, ಇನ್ನು ಮನೇಲಿರು" ಎಂದಿದ್ದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅದೇ ಅವಳಿಗೆ ನುಂಗಲಾಗದ ತುತ್ತಾಗಿತ್ತು.

ಚಳಿಗಾಲವಿಡೀ ಯೋಚಿಸಿ ಅವಳು ಹಳೆಯ ಬಂದೂಕನ್ನು ಬಿಟ್ಟಳು. ಗುಂಡು ಗುಂಡಿಗೂ ಪಕ್ಕದ ಹಿಡಿಯನ್ನು ಕೈಯಿಂದ ಎಳೆಯಬೇಕಾದ ಬಂದೂಕು ಈ ಭುಜಕ್ಕೆ ಆಗದು. ಬೆರಳೊತ್ತಿದರೆ ಸಾಕು, ಮುಂದಿನ ಗುಂಡು ತಾನೇ ಏರುವ ಸೆಮಿ-ಆಟೋಮ್ಯಾಟಿಕ್ ತಂದಳು. ನಳಿಗೆ ಉದ್ದದ್ದು, ದೂರದ ಗುರಿಗೆಂದೇ ಮಾಡಿದ್ದು. ಬಟ್ಟು ಸೇರುವ ಜಾಗಕ್ಕೆ ಮಡಚುವ ಕೀಲು ಹಾಕಿಸಿದಳು. ಬಟ್ಟಿನ ಕೊಳವೆಯಲ್ಲಿ ಸ್ಪ್ರಿಂಗ್ ಇರುವುದರಿಂದ ಬಿಡಿಸಿ ಬಿಗಿಯಾಗಿ ಕೂರಿಸದೆ ಗುಂಡು ಹಾರಿಸುವ ಹಾಗಿಲ್ಲ. ಮಡಚಿದರೆ ಮಾತ್ರ ಇಡೀ ಬಂದೂಕು ಚೀಲದೊಳಗೆ, ಕೊಂಬೆಗಳ ಕೈಗೆ ಸಿಗದ ಹಾಗೆ ಅಡಗುತ್ತಿತ್ತು. ಮನೆಯ ಹಿಂದಿನ ಬಯಲಿನಲ್ಲಿ ಮಡಚಿ, ಬಿಡಿಸಿ, ಹೊಡೆದು ನೋಡಿದಳು. ಗುಂಡುಗಳು ಕಾಫಿ ಲೋಟದ ಬಾಯಿಯಷ್ಟು ಜಾಗದಲ್ಲೇ ಬಿದ್ದವು.

"ಬಾಗಿಲಿಗೆ ಹಾಕೋ ಕೀಲನ್ನ ಬಂದೂಕಿಗೆ ಹಾಕ್ತಾರೇನೇ?" ಎಂದು ಡೆಲ್ಬರ್ಟ್ ಬೈದಿದ್ದ. ಡೆಲ್ಬರ್ಟ್ ಅವಳ ಹಳೆಯ ಗಂಡ. ಬಿಟ್ಟು ಎಷ್ಟೋ ವರ್ಷವಾದರೂ ಪಂದ್ಯಕ್ಕೆ ಮಾತ್ರ ಅವನೇ ಜೊತೆ. ಗಾಳಿಯನ್ನು ಅವನಷ್ಟು ಚೆನ್ನಾಗಿ ಓದುವವರು ಆ ಜಿಲ್ಲೆಯಲ್ಲಿರಲಿಲ್ಲ. ಮನೆಯೊಳಗಿನ ಹವೆ ಮಾತ್ರ ಅವನಿಗೆ ಎಂದೂ ತಿಳಿದಿರಲಿಲ್ಲ.

ಹೊರಡುವ ಹೊತ್ತಿಗೆ ವರ್ಲ್ ಹತ್ತಿರ ಬಂದು ದನಿ ತಗ್ಗಿಸಿದ. "ನೋಡು, ಹೊಡೆಯೋವಾಗ ಕೀಲು ಬಿಚ್ಚಿಕೊಂಡ್ರೆ? ಬಿಡಿಸಿ ಟೇಪ್ ಸುತ್ತಿಬಿಡು. ಇಲ್ಲಾಂದ್ರೆ ಜೀಪಲ್ಲಿ ಬಾ."

"ಅಂಥ ನಿಯಮ ಇದ್ಯಾ?"

"ನಾನೇ ಹೇಳ್ತಿದೀನಲ್ಲ."

"ಹಂಗಾದ್ರೆ ಪಿಸುಗುಟ್ಟಬೇಡ. ಎಲ್ರಿಗೂ ಕೇಳೋ ಹಾಗೆ ಹೇಳು. ಹೋದ ವಾರ ಹೆಸರು ಬರೆಸೋವಾಗ ಇದೇ ಬಂದೂಕನ್ನ ನೀನೇ ಕೈಯಲ್ಲಿ ಹಿಡಿದು ನೋಡಿದ್ದೆ. ಆಗ ನಿನ್ನ ಬಾಯಲ್ಲೇನಿತ್ತು?"

ವರ್ಲ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಹೋಗು. ಕೀಲು ಕೈಕೊಟ್ರೆ ಇನ್ನೊಂದು ಅವಕಾಶ ಕೇಳಬೇಡ."

"ಕೇಳಿದ್ನಾ?"

ಜೂನಿಪರ್ ಮರಗಳ ನಡುವೆ ಗ್ರಾಸಿ ಬಗ್ಗಿ ನುಸುಳಿದಳು. ಭುಜ ನೋಯುತ್ತಿತ್ತು, ಆದರೆ ಯಾವ ಕೊಂಬೆಯೂ ಜಗ್ಗಲಿಲ್ಲ. ಹಿಂದೆ ಡೆಲ್ಬರ್ಟನ ಬಂದೂಕು ಸಿಕ್ಕಿಕೊಂಡು ಅವನು ಮರದ ವಂಶವನ್ನೆಲ್ಲ ಜಾಲಾಡುತ್ತಿದ್ದ. ಮೊದಲೆರಡು ತಾಣಗಳಲ್ಲಿ ಅವಳ ಗುಂಡುಗಳು ತಟ್ಟೆಗಳನ್ನು ಹುಡುಕಿಕೊಂಡು ಹೋದವು. ಹೊಡೆದು ಒಂದು ಗಳಿಗೆಯಾದ ಮೇಲೆ ಉಕ್ಕಿನ ಸದ್ದು ಕಣಿವೆ ದಾಟಿ ಬರುವುದನ್ನು ಅವಳು ಉಸಿರು ಹಿಡಿದು ಕೇಳುತ್ತಿದ್ದಳು.

ಆಮೇಲೊಂದು ಒಣ ಕೊರಕಲು. ಮುಳ್ಳುತಂತಿಯ ಕೆಳಗೆ ಚೀಲವನ್ನು ಮರಳಿನಲ್ಲಿ ಎಳೆದುಕೊಂಡು ತೆವಳಬೇಕಾಯಿತು. ಆಚೆಯ ತಾಣದಲ್ಲಿ ಗಡಿಯಾರ ಓಡತೊಡಗಿತು. ಅವಳು ಬಂದೂಕು ತೆಗೆದು ಬಟ್ಟು ಬಿಡಿಸಿದಳು. ಕೂರಲಿಲ್ಲ. ಇನ್ನೊಮ್ಮೆ ಒತ್ತಿದಳು. ಕೀಲಿನ ಸಂದಿನಲ್ಲಿ ಮರಳು ಕರಕರ ಎಂದಿತು.

"ನಾನ್ ಹೇಳಿರ್ಲಿಲ್ವಾ..." ಡೆಲ್ಬರ್ಟ್ ಶುರು ಮಾಡಿದ.

"ಬಾಯಿ ಮುಚ್ಕೊಂಡು ನೀರು ಹಾಕು!"

ಅವನು ನೀರು ಸುರಿದ. ಕೊರಳ ವಸ್ತ್ರದ ತುದಿಯನ್ನು ಸಂದಿಗೆ ತೂರಿಸಿ ಉಜ್ಜಿದಳು. ಕೊನೆಗೆ ಬಟ್ಟು ಟಕ್ಕೆಂದು ಕೂತಿತು. ಅವಳು ಮಲಗಿ ಕಣ್ಣಿಡುವಷ್ಟರಲ್ಲಿ ಸಮಯ ಮುಗಿಯಿತು. ಅಲ್ಲಿ ಅವಳಿಗೆ ಸಿಕ್ಕಿದ್ದು ಸೊನ್ನೆ.

ದಿಬ್ಬದ ಮೇಲೆ ಜೀಪಿಗೊರಗಿ ವರ್ಲ್ ನೋಡುತ್ತಿದ್ದ. ಅವನು ನಗಲಿಲ್ಲ. "ಟೇಪ್ ಇದೆ, ಗ್ರಾಸಿ. ಸುತ್ತಿಬಿಡು, ಯಾರೂ ಏನೂ ಅನ್ನೋಲ್ಲ. ಮುಂದಿನದು ಬಲು ಕಡಿದಾದ ಏರು."

ಅವಳ ಕಣ್ಣಲ್ಲಿ ನೀರು ತುಂಬಿತ್ತು. ನೋವಿಗೋ ಸಿಟ್ಟಿಗೋ ಅವಳಿಗೇ ತಿಳಿಯಲಿಲ್ಲ. ತಪ್ಪು ತನ್ನದೇ. ಚೀಲದ ಬಾಯನ್ನು ಬಿಗಿಯಾಗಿ ಕಟ್ಟಬೇಕಿತ್ತು. ಆದರೆ ಟೇಪ್ ಸುತ್ತಿದರೆ ಬಂದೂಕು ಮತ್ತೆ ತಲೆಯ ಮೇಲಕ್ಕೆ ಚಾಚುತ್ತದೆ, ಮತ್ತೆ ಕೊಂಬೆ, ಮತ್ತೆ ಜೀಪು.

"ಸುತ್ತೋಲ್ಲ," ಎಂದಳು. "ಜೀಪು ಹತ್ತೋದೂ ಇಲ್ಲ." ಬಟ್ಟು ಮಡಚಿದಳು. ಈ ಸಲ ಕೊರಳ ವಸ್ತ್ರವನ್ನೇ ಕೀಲಿಗೆ ಸುತ್ತಿ ಚೀಲದೊಳಗಿಟ್ಟಳು.

"ಕೊಡಿಲ್ಲಿ, ನಾನು ಹೊರ್ತೀನಿ," ಎಂದ ಡೆಲ್ಬರ್ಟ್.

"ನಿನ್ನನ್ನ ಹೊತ್ತಿದ್ದಕ್ಕಿಂತ ಇದು ಹಗುರ. ನಡಿ ಮುಂದೆ."

ಏರುವಾಗ ಅವಳು ಎಷ್ಟೋ ಕಡೆ ನಿಂತಳು. ಒಂದು ಕಡೆ ಮಂಡಿಯೂರಿ ವಾಂತಿಯನ್ನೂ ಮಾಡಿಕೊಂಡಳು. ಹಿಂದಿನ ಜೋಡಿಗಳೆರಡು ದಾಟಿ ಹೋದವು. ಜೀಪು ಕೆಳಗಿನ ದಾರಿಯಲ್ಲಿ ನಿಧಾನಕ್ಕೆ ಬರುತ್ತಲೇ ಇತ್ತು, ಅವಳು ಅತ್ತ ತಿರುಗಲಿಲ್ಲ.

ನೆತ್ತಿಯಲ್ಲಿ ಕೀಲು ಒಂದೇ ಸಲಕ್ಕೆ ಕೂತಿತು. ಡೆಲ್ಬರ್ಟ್ ಪಕ್ಕದಲ್ಲಿ ಮಲಗಿ ಹುಲ್ಲು ಬಾಗುವುದನ್ನು ನೋಡುತ್ತಿದ್ದ. "ಗಾಳಿಯಿದೆ, ದುರ್ಬೀನಿನಲ್ಲಿ ಒಂದೂವರೆ ಗೆರೆ ಎಡಕ್ಕೆ ಹಿಡಿ. ತಡಿ. ತಡಿ... ಈಗ." ಉಕ್ಕು ಮೊಳಗಿತು. ಮತ್ತೊಂದು. ಮೂರನೆಯದು ಮಣ್ಣು ಎಬ್ಬಿಸಿತು. ನಾಲ್ಕನೆಯದು ಮೊಳಗಿತು. ಡೆಲ್ಬರ್ಟ್ ಅವಳ ಬೂಟಿಗೊಮ್ಮೆ ತನ್ನ ಬೂಟು ತಾಗಿಸಿದ.

ಅವರು ಗೆಲ್ಲಲಿಲ್ಲ. ಪಟ್ಟಿಯಲ್ಲಿ ಅರ್ಧಕ್ಕಿಂತ ಕೆಳಗಿದ್ದರು. ಮಧ್ಯಾಹ್ನ ಎಲ್ಲರೂ ಹುರುಳಿಕಾಯಿ ಬೀಜದ ಸಾರು, ಖಾರದ ಚೊರೀಸೊ ಸಾಸೇಜು, ಗ್ರಾಸಿಯೇ ಸುಟ್ಟು ತಂದಿದ್ದ ಕುರಿಗಾಹಿಗಳ ದಪ್ಪ ರೊಟ್ಟಿ ತಿನ್ನುತ್ತಿದ್ದಾಗ ವರ್ಲ್ ಎದ್ದು, ಬರುವ ವರ್ಷದಿಂದ ಮಡಚುವ ಬಂದೂಕು ಬೇಡವೆಂದು ಕ್ಲಬ್ಬಿಗೆ ಸಲಹೆ ಕೊಡುತ್ತೇನೆ ಎಂದ.

ಗ್ರಾಸಿ ಎಡಗೈಯಲ್ಲಿ ತಟ್ಟೆ ಹಿಡಿದೇ ಎದ್ದಳು. ಬಲಗೈ ಮೇಲೇಳುತ್ತಿರಲಿಲ್ಲ.

"ಕೊಡು. ನಾನು ಬಂದೇ ಬರ್ತೀನಿ, ಇದೇ ಕೀಲು ಹಾಕ್ಕೊಂಡು. ಗೇಟಲ್ಲಿ ನಿಲ್ಲಿಸಬೇಕು ಅಂದ್ರೆ ನೀನೇ ಬಂದು ನಿಲ್ಲಿಸು ವರ್ಲ್, ಬೇರೆಯವರನ್ನ ಕಳಿಸಬೇಡ. ಇವತ್ತು ಸೊನ್ನೆ ತಗೊಂಡೆ, ಒಪ್ಕೋತೀನಿ. ಆದ್ರೆ ಬೆಟ್ಟ ಹತ್ತಿದ್ದು ನಾನು. ನಿನ್ನ ಜೀಪಲ್ಲ."

ಡೆಲ್ಬರ್ಟ್ ರೊಟ್ಟಿ ಅಗಿಯುತ್ತಲೇ ಅಂದ: "ಆ ಕೀಲು ಕಂಡ್ರೆ ನಂಗೀಗಲೂ ಆಗೋಲ್ಲ. ಆದ್ರೂ ಗೇಟಲ್ಲಿ ಇವಳ ಪಕ್ಕ ನಾನೂ ನಿಂತಿರ್ತೀನಿ."

"ನಿನ್ನನ್ಯಾರು ಕರೆದ್ರು?" ಎಂದಳು ಗ್ರಾಸಿ, ಕೂತು ಸಾರಿಗೆ ಇನ್ನೊಂದು ತುಂಡು ರೊಟ್ಟಿ ಅದ್ದುತ್ತ.