ಅಪ್ಪಣೆ ಬರುವ ಮುಂಚೆ ಮಾರಿದ ಕಾರು

ನನ್ನ ತಮ್ಮ ಓಥಾ ಕಾರು ಮಾರಿ ಬಂದು, ಎರಡು ಸಾವಿರ ಡಾಲರನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಹಲ್ಲು ಕಿರಿದ. ಮೊದಲು ಅವನ ಕೆನ್ನೆಗೆ ಬಾರಿಸಿದೆ, ಆಮೇಲೆ ಯಾರಿಗೆ ಮಾರಿದೆ ಎಂದು ಕೇಳಿದೆ.

"ಪಕ್ಕದ ಬೀದಿ ಡ್ವೇನ್‌ಗೆ, ಅಕ್ಕಾ. ಹೇಗೂ ಮಾರ್ಬೇಕು ಅಂತಿದ್ಯಲ್ಲ."

ಮಾರಬೇಕಿತ್ತು, ನಿಜ. ಮೆಂಫಿಸ್‌ನ ನಮ್ಮ ಬೀದಿಯಲ್ಲಿ ಸಾಲ ತೀರಿಸಲು ದಿವಾಳಿ ಕೋರ್ಟಿಗೆ ತಿಂಗಳ ಕಂತು ಕಟ್ಟದ ಮನೆ ಕಡಿಮೆ. ಐದು ವರ್ಷದ ಕಂತಿನಲ್ಲಿ ನನಗೆ ಉಳಿದದ್ದು ನಾಲ್ಕೇ ತಿಂಗಳದ್ದು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಅರ್ಧಕ್ಕಿಳಿದಿತ್ತು. ಅದಕ್ಕೇ ನರ್ಸ್ ವಿನಿಫ್ರೆಡ್‌ಗೆ ಮೂರು ಸಾವಿರಕ್ಕೆ ಕಾರು ಮಾರಲು ಕೋರ್ಟಿನ ಅಪ್ಪಣೆ ಕೇಳಿ ಕಾಯುತ್ತಿದ್ದೆ. ಜಡ್ಜ್ ಒಪ್ಪದೆ ಮಾರಿದ್ದು ಗೊತ್ತಾದರೆ ಕೇಸು ಎತ್ತಿ ಬಿಸಾಕುತ್ತಾರೆ, ಬ್ಯಾಂಕಿನವರು ನಾನು ಒತ್ತೆಯಿಟ್ಟ ಅಮ್ಮನ ಮನೆಯನ್ನು ಹರಾಜಿಗಿಡುತ್ತಾರೆ. ಕಾರಿನ ಕಾಗದದಲ್ಲಿ 'ವರ್ನೆಲ್ ಅಥವಾ ಓಥಾ' ಎಂದಿತ್ತು, ಒಬ್ಬರ ಸಹಿ ಸಾಕು. ಈ ಪುಣ್ಯಾತ್ಮ ಹಾಕಿಬಿಟ್ಟಿದ್ದ.

ಅವನ ಕಾಲರ್ ಹಿಡಿದು ಡ್ವೇನ್‌ನ ಅಂಗಳಕ್ಕೆ ಎಳೆದೊಯ್ದೆ. ಡ್ವೇನ್ ಕೆಂಡದ ಮೇಲೆ ಹಂದಿಪಕ್ಕೆ ಸುಡುತ್ತಿದ್ದ.

"ನಿನ್ ದುಡ್ಡು ತಗೊ. ಕಾರು, ಕಾಗದ ವಾಪಸ್ ಕೊಡು," ಎಂದೆ.

"ಮಾರಿದ್ದು ಮಾರಾಯ್ತು ವರ್ನೆಲಕ್ಕ. ನಾಳೆ ಬೇರೆಯವ್ರಿಗೆ ಕೊಡ್ತಿದೀನಿ. ನಿನ್ ಕೋರ್ಟು ಕಟ್ಕೊಂಡು ನಂಗೇನಾಗ್ಬೇಕು?"

ಅವನ ಸೊಂಟದಲ್ಲಿ ತೂಗುತ್ತಿದ್ದ ಕೀಲಿಗೆ ಓಥಾ ಕೈಹಾಕಿದ. ಡ್ವೇನ್ ಕಾದ ಇಕ್ಕಳದಿಂದ ಅವನ ಬಾಯಿಗೆ ಹೊಡೆದ. ಎರಡು ಹಲ್ಲು ಉದುರಿದವು. ಬಿದ್ದವನ ಪಕ್ಕೆಗೆ ಬೂಟುಗಾಲಿನಿಂದ ಒದೆಯತೊಡಗಿದ. ನನ್ನ ತಮ್ಮನನ್ನು ನಾನು ಹೊಡೆಯಬಹುದು, ಬೇರೆಯವರು ಕೈಮಾಡಿದರೆ ನನ್ನ ಮೈಯೆಲ್ಲ ಉರಿಯುತ್ತದೆ. ಅಲ್ಲೇ ನಿಂತಿದ್ದ ನಮ್ಮ ಕಾರಿನ ತೆರೆದ ಡಿಕ್ಕಿಯಿಂದ ಚಕ್ರ ಬಿಚ್ಚುವ ಕಬ್ಬಿಣ ಎಳೆದು ಡ್ವೇನ್‌ನ ಮೊಣಕಾಲಿಗೆ ಬೀಸಿದೆ. ಕುಸಿದರೂ ಕೀಲಿ ಬಿಡಲಿಲ್ಲ. ಆಗ ಕಾರಿನ ಮೇಲೆ ತಿರುಗಿಬಿದ್ದೆ. ಮುಂದಿನ ಗಾಜು ಒಡೆದೆ, ದೀಪ ಒಡೆದೆ, ಬಾನೆಟ್ಟು ಜಜ್ಜಿದೆ.

"ಈಗ ಯಾರಿಗ್ ಮಾರ್ತೀಯೋ ಮಾರು, ನೋಡೋಣ."

ಅವನು ಬೈಯುತ್ತಲೇ ಕೀಲಿ, ಕಾಗದ ಎರಡನ್ನೂ ಎಸೆದ. ದುಡ್ಡನ್ನು ಅವನ ಎದೆಯ ಮೇಲೆ ಬಿಸಾಕಿ, ರಕ್ತ ಉಗುಳುತ್ತಿದ್ದ ಓಥಾನನ್ನು ಕಾರಿನಲ್ಲಿ ಹಾಕಿಕೊಂಡು ಬಂದೆ. ಮನೆ ಉಳಿಯಿತು ಎಂದು ದಾರಿಯುದ್ದಕ್ಕೂ ಅತ್ತೆ.

ಬೆಳಿಗ್ಗೆ ಲಾಯರ್ ಫೋನ್ ಮಾಡಿದರು. "ಜಡ್ಜ್ ಒಪ್ಪಿದಾರೆ ವರ್ನೆಲ್. ಮೂರು ಸಾವಿರಕ್ಕೆ, ಆ ನರ್ಸಮ್ಮನಿಗೇ. ಅವ್ರಿಗೂ ಹೇಳಿದೀನಿ. ಉಳಿದ ಕಂತೆಲ್ಲ ಅದ್ರಲ್ಲೇ ತೀರುತ್ತೆ."

ಫೋನ್ ಇಡುವಷ್ಟರಲ್ಲಿ ವಿನಿಫ್ರೆಡ್ ದುಡ್ಡಿನ ಲಕೋಟೆ ಹಿಡಿದು ಅಂಗಳಕ್ಕೆ ಬಂದಿದ್ದಳು. ಕಾರಿಗೆ ಒಂದು ಸುತ್ತು ಬಂದಳು. ಸೀಟಿನ ಮೇಲಿನ ರಕ್ತ ನೋಡಿದಳು.

"ಇದನ್ನ ಹೀಗ್ ಮಾಡಿದ್ ಯಾರಮ್ಮ?"

ಓಥಾ ಊದಿದ ಬಾಯಿ ತೆರೆದು ಏನೋ ಹೇಳಹೊರಟ.

"ನಾನೇ," ಎಂದೆ.

ಅವಳು ಲಕೋಟೆಯನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡಳು.