ಹೊತ್ತು ತಂದ ಹಿಮ

"ಐಸು ಕರಗ್ತಿತ್ತು ಕಣ್ರೋ! ಕಾಲಿಟ್ರೆ ಪಚಪಚ ಅಂತಿತ್ತು," ಎನ್ನುತ್ತ ಲೆಂಪಿ ಹರ್ಯು ಕಾಫಿಯ ಲೋಟವನ್ನು ಮೇಜಿಗೆ ಕುಕ್ಕಿದಳು. "ಎದುರು ತಂಡದೋರು ರೈಲಿಳಿದು ಬಂದು ನೋಡಿ ನಕ್ಕರು. 'ಇದೇನು ಆಟದಂಗಳವೋ ಬಾತುಕೋಳಿ ಕೆರೆಯೋ? ಸುಮ್ನೆ ಕಪ್ಪು ಕಟ್ಟಿಕೊಡಿ, ತಗೊಂಡು ಹೋಗ್ತೀವಿ' ಅಂದ್ರು."

ಅದು ಅರವತ್ತೇಳನೆಯ ಇಸವಿಯ ಏಪ್ರಿಲ್. ಟ್ಯಾಮರಾಕ್ ಊರಿನ ಐಸ್ ಹಾಕಿ ಅಂಗಳಕ್ಕೆ ಆಗ ತಂಪುಯಂತ್ರವಿರಲಿಲ್ಲ. ಚಳಿಗಾಲ ತಾನಾಗಿ ಕಟ್ಟಿಕೊಟ್ಟ ಮಂಜುಗಡ್ಡೆಯ ಮೇಲೆಯೇ ಆಟ. ಉತ್ತರ ಒಂಟಾರಿಯೋದ ಕಪ್ಪಿನ ಅಂತಿಮ ಪಂದ್ಯಕ್ಕೆ ಒಂದು ದಿನ ಉಳಿದಿರುವಾಗ ಗಾಳಿ ಬೆಚ್ಚಗೆ ತಿರುಗಿ ಆ ಗಡ್ಡೆ ನೀರಾಗತೊಡಗಿತು. ಸಂಜೆಗೆ ಊರಿಗೆ ಊರೇ ಕಾಗದದ ಕಾರ್ಖಾನೆಯ ಹಿಂದಿನ ಕಣಿವೆಗೆ ಇಳಿಯಿತು. ಬಿಸಿಲು ಮುಟ್ಟದ ಅದರ ತಳದಲ್ಲಿ ಇನ್ನೂ ಉಳಿದಿದ್ದ ಹಿಮವನ್ನು ಜಾರುಬಂಡಿಗಳಲ್ಲಿ, ಹಾಲಿನ ಕ್ಯಾನುಗಳಲ್ಲಿ, ಹಾಸಿಗೆಯ ದುಪ್ಪಟಿಗಳಲ್ಲಿ ಹೊತ್ತು ತಂದು ಸುರಿದರು, ತುಳಿದು ಗಟ್ಟಿಮಾಡಿದರು, ನೀರು ಚಿಮುಕಿಸಿ, ಬಾಗಿಲುಗಳನ್ನೆಲ್ಲ ಹಾರುಹೊಡೆದು, ನಸುಕಿನ ಚಳಿಗಾಗಿ ಕಾದರು. ಚಳಿ ಬಂತು. ಮಧ್ಯಾಹ್ನ ಪಂದ್ಯ ನಡೆಯಿತು. ಹೆಚ್ಚುವರಿ ಆಟದ ಮೇಲೆ ಹೆಚ್ಚುವರಿ ಆಟವಾಗಿ, ಕೊನೆಗೆ ಒಂದೇ ಗೋಲಿನಿಂದ ಟ್ಯಾಮರಾಕ್ ಗೆದ್ದಿತು.

ಲೆಂಪಿ ಆಗ ಹದಿನೈದರ ಹುಡುಗಿ. ಅವಳ ಅಂಗೈಯ ಬೊಬ್ಬೆಗಳು ಮೇ ತಿಂಗಳವರೆಗೂ ಮಾಯಲಿಲ್ಲ. ಗಾಜಿನ ಕಪಾಟಿನಲ್ಲಿರುವ ಆ ಕಪ್ಪಿನ ಮೇಲೆ ಆಡಿದವರ ಹೆಸರುಗಳನ್ನು ಕೆತ್ತಿದ್ದಾರೆ; ಹಿಮ ಹೊತ್ತವರ ಹೆಸರಿಲ್ಲ. ಆದರೆ ಹಿಮ ಹೊತ್ತವರಿಗೆ ತಂಡದ ವಿಷಯದಲ್ಲಿ ಸಾಯುವವರೆಗೂ ಮಾತಾಡುವ ಹಕ್ಕಿದೆ ಎಂಬುದು ಲೆಂಪಿಯ ನಂಬಿಕೆ. ಆ ಹಕ್ಕನ್ನು ಅವಳು ಪ್ರತಿದಿನ ಬೆಳಿಗ್ಗೆ ಈ ಕಾಫಿ ಅಂಗಡಿಯ ಕಿಟಕಿಯ ಪಕ್ಕದ ಮೇಜಿನಲ್ಲಿ ಚಲಾಯಿಸುತ್ತಿದ್ದಳು.

"ವರ್ಷಕ್ಕೊಂದು ಬಂಡಿ ಹಿಮ ಜಾಸ್ತಿಯಾಗ್ತಿದೆ ನಿನ್ನ ಕಥೇಲಿ," ಎಂದ ಮರ್ವ್ ಟ್ರುಡೆಲ್. ಕಾರ್ಖಾನೆ ಮುಚ್ಚುವವರೆಗೂ ಅಲ್ಲಿ ಮೆಕ್ಯಾನಿಕ್ ಆಗಿದ್ದವನು. ಈಗ ಲೆಂಪಿಯನ್ನು ಕೆಣಕುವುದೇ ಅವನ ಉದ್ಯೋಗ. "ಅದಿರಲಿ, ಈ ಸಲ ಏನು ಹೊತ್ಕೊಂಡು ಬರ್ತೀಯಮ್ಮ?"

"ಗೋಲ್‌ಕೀಪರನ್ನ."

"ಇದಾನಲ್ಲ ಒಬ್ಬ."

"ಅದು ಗೋಲ್‌ಕೀಪರ್ ಅಲ್ಲ ಮರ್ವ್, ಜರಡಿ. ಮುಂದಿನ ಸಾಲಿನ ಮೂವರು ಚಿನ್ನದಂಥೋರು. ಎರಡನೇ ಸಾಲಿನೋರು ಬಾಗಿಲಲ್ಲಿ ಬೂಟು ಹುಡುಕೋರ ಥರ ಓಡಾಡ್ತಾರೆ, ಹೋಗ್ಲಿ ಅನ್ನು. ಹಿಂದೆ ರಕ್ಷಣೆಗೆ ನನ್ನ ಡೇನ್ ಇದಾನೆ. ಗೋಲಲ್ಲಿ ಒಬ್ಬ ಮನುಷ್ಯ ನಿಂತ್ರೆ ನಾವು ಎಂಟನೇ ಜಾಗಕ್ಕೆ ಹತ್ತೇ ಹತ್ತುತೀವಿ. ನಿಲ್ಲಲಿಲ್ವೋ, ಅಷ್ಟೇ."

ಆ 'ಅಷ್ಟೇ' ಎಂಬುದರ ಅರ್ಥ ಮೇಜಿನ ಸುತ್ತ ಕುಳಿತವರಿಗೆಲ್ಲ ಗೊತ್ತಿತ್ತು. ಲೀಗಿನ ಮೊದಲ ಎಂಟು ತಂಡಗಳಿಗೆ ಮಾತ್ರ ಪ್ಲೇಆಫ್, ಅಂದರೆ ಕಪ್ಪಿಗಾಗಿ ಆಡುವ ಮುಂದಿನ ಸುತ್ತು. ಊರಿನ ತಂಡವಾದ ಟ್ಯಾಮರಾಕ್ ಲಾಗರ್ಸ್ ಒಂಬತ್ತನೆಯದು. ತಂಡದ ಮಾಲೀಕ ದಕ್ಷಿಣದ ನಗರದವನು. ಈ ಸಲವೂ ಪ್ಲೇಆಫ್ ಇಲ್ಲವಾದರೆ ಬೇಸಿಗೆಯಲ್ಲಿ ತಂಡವನ್ನು ಕಿತ್ತು ತನ್ನೂರಿಗೆ ಒಯ್ಯುವೆನೆಂದು ಪತ್ರಿಕೆಯಲ್ಲೇ ಹೇಳಿದ್ದ. ಕಾರ್ಖಾನೆ ಹೋಗಿತ್ತು, ರೈಲು ನಿಂತಿತ್ತು, ಹೈಸ್ಕೂಲಿನ ಅರ್ಧ ಕಟ್ಟಡಕ್ಕೆ ಹಲಗೆ ಬಡಿದಿತ್ತು. ಚಳಿಗಾಲದ ಸಂಜೆ ಊರಿನಲ್ಲಿ ದೀಪ ಝಗಝಗಿಸುವ ಸ್ಥಳವೆಂದರೆ ಹಾಕಿ ಅಂಗಳ ಒಂದೇ.

ತಂಡ ಹೋದರೆ ಲೆಂಪಿ ಕಳೆದುಕೊಳ್ಳಲಿದ್ದುದು ಅಷ್ಟು ಮಾತ್ರವಲ್ಲ. ದೂರದೂರುಗಳಿಂದ ಬರುವ ಆಟಗಾರ ಹುಡುಗರನ್ನು ಊರಿನ ಮನೆಗಳೇ ಇಟ್ಟುಕೊಳ್ಳುವುದು ಇಲ್ಲಿನ ಪದ್ಧತಿ. ಗಂಡ ಒನ್ನಿ ತೀರಿಕೊಂಡ ಮೇಲೂ ಅವಳ ಮನೆಯ ಅಟ್ಟದ ಕೋಣೆ ಒಂದು ಚಳಿಗಾಲವೂ ಬರಿದಾಗಿರಲಿಲ್ಲ. ಬಂದ ಹುಡುಗ ಮೊದಲ ದಿನವೇ ಅವಳನ್ನು 'ಮುಮ್ಮು' ಎನ್ನಲು ಕಲಿಯುತ್ತಿದ್ದ. ಅವಳ ಫಿನ್ನಿಶ್ ಮಾತಿನಲ್ಲಿ ಅಜ್ಜಿ ಎಂದು. ಅಂದಿನ ಊಟವಾದ ಮೇಲೆ ಅವನಿಗೆ ಏಲಕ್ಕಿಯ ಸಿಹಿಬ್ರೆಡ್ಡೂ ಹಿಮದ ಕಥೆಯೂ ಸಲ್ಲಬೇಕು. ಸಸ್ಕಾಚೆವಾನಿನ ಗೋಧಿಹೊಲದಿಂದ ಬಂದ ಡೇನ್ ವಾಸಿಲಿಕ್ ಈ ಮನೆಯಲ್ಲಿ ಮೂರನೆಯ ಚಳಿಗಾಲ ಕಳೆಯುತ್ತಿದ್ದ. ಅವನು ಕಥೆಯನ್ನು ಒಮ್ಮೆ ಕೇಳಿದ ಕೂಡಲೇ ಇನ್ನೊಮ್ಮೆ ಹೇಳಿಸುತ್ತಿದ್ದ. ಏಕೆಂದರೆ ಅದೇ ಕೂತಲ್ಲಿ ಎರಡನೆಯ ಸಲ ಹೇಳಿಸಿದಾಗ ಮಾತ್ರ ಅದರೊಳಗೆ ಹಾಲಿನವನ ಮುದಿ ಕುದುರೆ ಬರುತ್ತಿತ್ತು.

ಶನಿವಾರ ಸ್ಥಳೀಯ ರೇಡಿಯೋದಲ್ಲಿ ಅಭಿಮಾನಿಗಳು ಫೋನ್ ಮಾಡಿ ಮಾತಾಡುವ ಕಾರ್ಯಕ್ರಮವಿತ್ತು. ತಂಡಗಳು ತಮ್ಮತಮ್ಮಲ್ಲಿ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಇನ್ನು ಮೂರೇ ದಿನ. ಲೆಂಪಿ ಫೋನ್ ಹಚ್ಚಿದಳು. ಗೋಲ್‌ಕೀಪರ್ ಬೇಕೇ ಬೇಕು, ಮ್ಯಾನೇಜರ್ ಗೀ ಬೂಶೆ ನಿದ್ದೆ ಬಿಟ್ಟು ಏಳಬೇಕು ಎಂದು ಅಬ್ಬರಿಸಿದಳು.

"ಸರಿ ಲೆಂಪಿ," ಎಂದ ನಿರೂಪಕ, "ಈಗಿರೋ ಹುಡುಗರಲ್ಲಿ ಒಳ್ಳೇವ್ರು ಯಾರೂ ಇಲ್ವಾ ಹಾಗಾದ್ರೆ?"

"ಯಾಕಿಲ್ಲ? ಡೇನ್ ವಾಸಿಲಿಕ್! ಈ ಲೀಗಲ್ಲೇ ಅಂಥ ಇನ್ನೊಬ್ಬ ರಕ್ಷಣೆ ಆಟಗಾರ ಇದ್ರೆ ತೋರಿಸಿ. ಮೈಮೇಲೆ ಬೀಳಲ್ಲ. ಹಿಂದಕ್ಕೆ ಜಾರ್ತಾ ಜಾರ್ತಾ ಎದುರಾಳೀನ ಮೂಲೆಗೆ ಕರ್ಕೊಂಡು ಹೋಗ್ತಾನೆ, ಮದುವೇಲಿ ಅತ್ತೇನ ಕುಣಿಸಿದ ಹಾಗೆ. ಆ ಕಡೆಯಿಂದ ಈ ಕಡೆಗೆ ಗೆರೆ ಎಳೆದ ಹಾಗೆ ಪಾಸ್ ಕೊಡ್ತಾನೆ. ಆ ಹ್ಯಾರೋ ಲೇಕ್ ತಂಡದೋರು ಅವನ ಕಾಲು ತೊಳೆದ ನೀರು ಕುಡೀಬೇಕು!"

ಅಡುಗೆಮನೆಯಲ್ಲಿ ತಿಂಡಿ ತಿನ್ನುತ್ತಿದ್ದ ಡೇನ್ ಎರಡೂ ಕಿವಿ ಮುಚ್ಚಿಕೊಂಡ. "ಸಾಕು ಮುಮ್ಮು, ಮಾನ ಹೋಗುತ್ತೆ."

ಮಂಗಳವಾರ ಮಧ್ಯಾಹ್ನ ಗೀ ಬೂಶೆ ತಾನೇ ಮನೆಗೆ ಬಂದ. ಹಿಮ ಮೆತ್ತಿದ ಬೂಟುಗಳನ್ನು ಬಿಚ್ಚದೆ ಬಾಗಿಲ ಬಳಿಯ ಚಾಪೆಯ ಮೇಲೆಯೇ ನಿಂತ. ಈ ಊರಿನಲ್ಲಿ ಬೂಟು ಬಿಚ್ಚದವನು ಕುಳಿತುಕೊಳ್ಳಲು ಬಂದವನಲ್ಲ.

"ಗೋಲ್‌ಕೀಪರ್ ಸಿಕ್ಕಿದಾನೆ," ಎಂದ. "ಹ್ಯಾರೋ ಲೇಕ್‌ನ ತಿಯೆರಿ ಗಾನ್ಯೋ. ಅವರ ಹತ್ರ ಇಬ್ಬರಿದ್ರು. ಒಳ್ಳೇ ಹುಡುಗ."

"ನಾನು ಹೇಳಲಿಲ್ವಾ! ಯಾರನ್ನ ಕೊಟ್ಟೆ?"

ಗೀ ಅಟ್ಟದ ಮೆಟ್ಟಿಲಿನತ್ತ ನೋಡಿದ. ಲೆಂಪಿಯ ಕೈಯಲ್ಲಿದ್ದ ಪಾತ್ರೆ ಒರೆಸುವ ಬಟ್ಟೆ ನಿಂತಲ್ಲೇ ನಿಂತಿತು.

"ಬೇರೆ ನಾಲ್ಕು ಜನರ ಹೆಸರು ಹೇಳಿದೆ, ಲೆಂಪಿ. ನಮ್ಮ ರೇಡಿಯೋ ಅವರಿಗೂ ಕೇಳುತ್ತೆ. 'ನಿಮ್ಮೂರಿನ ಅಜ್ಜಿ ಹೇಳಿದ್ಳಲ್ಲ, ಆ ಹುಡುಗ ಬೇಕು, ಇಲ್ದಿದ್ರೆ ಮಾತೇ ಬೇಡ' ಅಂದ್ರು." ಅವನು ಟೋಪಿಯನ್ನು ಕೈಯಲ್ಲಿ ತಿರುವಿದ. "ತಂಡ ಉಳೀಬೇಕು. ನೀವೇ ಹೇಳಿದ್ದು."

"ಹೌದು. ನಾನೇ ಹೇಳಿದ್ದು."

"ಇನ್ನೊಂದು ವಿಷಯ. ಬರೋ ಹುಡುಗನಿಗೆ ಬೇರೆ ಮನೆ ಖಾಲಿ ಇಲ್ಲ."

ಲೆಂಪಿ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಒಲೆಯ ಪಕ್ಕಕ್ಕಿಟ್ಟಳು. "ಹಾಸಿಗೆ ದುಪ್ಪಟಿ ಬದಲಾಯಿಸ್ಬೇಕು," ಎಂದಳು. "ಸಂಜೆ ಮೇಲೆ ಕಳಿಸು."

ಡೇನ್ ಮೂರು ಚಳಿಗಾಲಗಳನ್ನು ಎರಡು ಚೀಲಗಳಲ್ಲಿ ತುಂಬಿ ಕೆಳಗಿಳಿದ. ಅವಳು ಇಡೀ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಅವನ ಕಂಕುಳಿಗೆ ತುರುಕಿದಳು. ಅವನು ಬಗ್ಗಿ ಅವಳ ನೆತ್ತಿಯ ಮೇಲೆ ಗದ್ದ ಊರಿದ. "ಅಷ್ಟು ಹೊಗಳಬಾರದಿತ್ತು ಮುಮ್ಮು, ನೋಡು," ಎಂದು ನಗಲು ನೋಡಿದ. ಅವಳು ಅವನ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿದಳು.

ಕತ್ತಲಾಗುವ ಹೊತ್ತಿಗೆ ತಿಯೆರಿ ಬಂದ: ತೆಳ್ಳಗೆ, ಉದ್ದಕ್ಕೆ, ಫ್ರೆಂಚ್ ಎಳೆತದ ಮೆಲುಮಾತು. ಅವನು ಅವಳನ್ನು 'ಮೇಡಮ್' ಎಂದ, ಅವಳು ತಿದ್ದಲಿಲ್ಲ. ಸಾರು ಬಡಿಸಿದಳು, ಆಲೂಗಡ್ಡೆ ಬಡಿಸಿದಳು. ಊಟವಾದ ಮೇಲೂ ಅವನು ಏನನ್ನೋ ಕಾಯುವವನಂತೆ ಕುಳಿತೇ ಇದ್ದ. ಅವಳು ದೀಪ ಸಣ್ಣದು ಮಾಡಿದಳು.

ತಿಯೆರಿ ನಿಜಕ್ಕೂ ಒಳ್ಳೆಯ ಗೋಲ್‌ಕೀಪರ್. ಫೆಬ್ರವರಿಯಲ್ಲಿ ಲಾಗರ್ಸ್ ಗೆಲ್ಲತೊಡಗಿತು. ಎಂಟನೆಯ ತಂಡದ ಮುನ್ನಡೆಯನ್ನು ಕಡಿಮೆ ಮಾಡುತ್ತ ಅದರ ಬೆನ್ನಿಗೇ ಬಂತು. ಕಾಫಿಯ ಮೇಜಿನಲ್ಲಿ ಮರ್ವ್ ಕೈಯೆತ್ತಿ ಶರಣಾದ.

"ಸೋತೆ ತಾಯಿ. ನೀನು ಹೇಳಿದ ಹಾಗೇ ಆಯ್ತು. ಮತ್ತೆ ಮುಖ ಯಾಕೆ ಹುಳಿ ಮಜ್ಜಿಗೆ ಕುಡಿದ ಹಾಗಿದೆ?"

"ಹಿಂದೆ ರಕ್ಷಣೆ ಇಲ್ಲ," ಎಂದಳು ಲೆಂಪಿ. "ಆ ಹುಡುಗ ಒಬ್ನೇ ಎಷ್ಟು ತಡೀತಾನೆ?" ರೇಡಿಯೋಗೆ ಮಾತ್ರ ಅವಳು ಮತ್ತೆ ಫೋನ್ ಮಾಡಲಿಲ್ಲ.

ಮಾರ್ಚ್ ತಿಂಗಳ ಕೊನೆಯ ಭಾನುವಾರ, ಮಧ್ಯಾಹ್ನದ ಪಂದ್ಯ. ಎದುರಿಗೆ ಹ್ಯಾರೋ ಲೇಕ್. ಅವರ ಪ್ಲೇಆಫ್ ಜಾಗ ಆಗಲೇ ಭದ್ರವಾಗಿತ್ತು. ಟ್ಯಾಮರಾಕ್ ಗೆದ್ದರೆ ಎಂಟನೆಯದು, ಇಲ್ಲದಿದ್ದರೆ ಮುಗಿಯಿತು. ಬರಲಾರದವರನ್ನೂ ಗಾಲಿಕುರ್ಚಿಗಳಲ್ಲಿ ತಂದಿದ್ದರು. ಹ್ಯಾರೋ ಲೇಕ್‌ನ ಹಸಿರು ಅಂಗಿ ತೊಟ್ಟ ಡೇನ್ ಆಟದಂಗಳಕ್ಕಿಳಿದಾಗ ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಕೂಗಾಡಿದರು. ಲೆಂಪಿ ಎರಡನ್ನೂ ಮಾಡದೆ ಕೈಗವಸುಗಳನ್ನು ತೊಡೆಯ ಮೇಲೆ ಹಿಂಡುತ್ತ ಕುಳಿತಳು.

ತಿಯೆರಿ ಆ ದಿನ ಆಡಿದಂಥ ಆಟವನ್ನು ಊರು ಬಹುಕಾಲದಿಂದ ಕಂಡಿರಲಿಲ್ಲ. ಎದೆಯಿಂದ, ಮಂಡಿಯಿಂದ, ಒಮ್ಮೆ ಮುಖವಾಡದಿಂದಲೂ ಈ ಆಟದಲ್ಲಿ ಚೆಂಡಿನ ಬದಲಿಗಿರುವ ರಬ್ಬರಿನ ಬಿಲ್ಲೆಯನ್ನು ತಡೆದ. ಆದರೂ ಎರಡು ಒಳಗೆ ಹೋದವು. ಲಾಗರ್ಸ್ ಗಳಿಸಿದ್ದು ಒಂದೇ. ಲಾಗರ್ಸ್ ಹುಡುಗರು ಮುಂದಕ್ಕೆ ಹೋದಾಗಲೆಲ್ಲ ಡೇನ್ ಹಿಂದಕ್ಕೆ ಜಾರುತ್ತ, ಜಾರುತ್ತ, ಅವರನ್ನು ಮೂಲೆಗೆ ಕರೆದೊಯ್ಯುತ್ತಿದ್ದ. ಗಡಿಯಾರದಲ್ಲಿ ಎರಡು ನಿಮಿಷವೂ ಉಳಿದಿರಲಿಲ್ಲ.

"ಹೊರಗೆ ಕರೀರೋ ಅವನ್ನ!" ಲೆಂಪಿ ಎದ್ದು ನಿಂತು ಕಿರುಚಿದಳು. "ಗೀ! ಗೋಲ್‌ಕೀಪರನ್ನ ಹೊರಗೆ ಕರಿ! ಇನ್ನೊಬ್ಬನ್ನ ಮುಂದೆ ಬಿಡು!"

ಸೋಲು ಕುತ್ತಿಗೆಗೆ ಬಂದಾಗ ಈ ಆಟದವರು ಮಾಡುವ ಕಟ್ಟಕಡೆಯ ಉಪಾಯವದು: ಗೋಲನ್ನು ಬರಿದು ಬಿಟ್ಟು, ಆ ಒಬ್ಬನ ಬದಲಿಗೆ ದಾಳಿಗೆ ಇನ್ನೊಬ್ಬನನ್ನು ಇಳಿಸುವುದು. ಸುತ್ತಲಿನವರೂ ಅದನ್ನೇ ಕೂಗತೊಡಗಿದರು. ಬೆಂಚಿನಿಂದ ಕೈ ಬೀಸಿದ್ದೇ ತಡ, ತಿಯೆರಿ ತನ್ನ ಭಾರವಾದ ಕಾಲ್ಕಾಪುಗಳಲ್ಲಿ ಎದ್ದುಬಿದ್ದು ಅಂಗಳ ದಾಟಿ ಹೊರಬಂದು ಕುಳಿತ. ಆರು ಜನ ಹ್ಯಾರೋ ಲೇಕ್‌ನ ಗೋಲಿನ ಮೇಲೆ ಮುಗಿಬಿದ್ದರು. ಒಂದು ಹೊಡೆತ ಕಂಬಕ್ಕೆ ಬಡಿಯಿತು. ಊರು ಒಟ್ಟಿಗೆ ಉಸಿರೆಳೆದುಕೊಂಡಿತು. ಇನ್ನೊಂದು ಹೊಡೆತ ಯಾರದೋ ಕಾಲಿಗೆ ತಗುಲಿ ಮೂಲೆಗೆ ಜಾರಿತು. ಅಲ್ಲಿ ಡೇನ್ ಇದ್ದ.

ಅವನು ತಲೆಯೆತ್ತಿದ. ಆ ಕೊನೆಯವರೆಗೆ ಯಾರೂ ಇರಲಿಲ್ಲ. ಅವಳು ರೇಡಿಯೋದಲ್ಲಿ ಹೇಳಿದ್ದಳಲ್ಲ, ಗೆರೆ ಎಳೆದ ಹಾಗೆ ಎಂದು: ಹಾಗೆಯೇ ಆ ಕಪ್ಪು ಬಿಲ್ಲೆ ಅಂಗಳದ ಉದ್ದಕ್ಕೂ ಅವಸರವಿಲ್ಲದೆ ಜಾರಿಕೊಂಡು ಹೋಗಿ, ಬರಿದಾದ ಗೋಲಿನ ನಟ್ಟನಡುವೆ ಬಲೆಯನ್ನು ಮುಟ್ಟಿತು. ಅವನ ತಂಡದವರು ಅವನ ಮೇಲೆ ಹಾರಿ ಬಿದ್ದರು. ಡೇನ್ ಕೈ ಎತ್ತಲಿಲ್ಲ.

ಆಟ ಮುಗಿದ ಮೇಲೆ ಎರಡೂ ತಂಡಗಳು ಕೈಕುಲುಕುವ ಸಾಲಿನಲ್ಲಿ ಅವನು ತಿಯೆರಿಯ ಮುಂದೆ ನಿಂತು ಏನೋ ಹೇಳಿದ. ಜನ ಎದ್ದು ಹೋಗಲಿಲ್ಲ. ದೀಪಗಳನ್ನು ಒಂದೊಂದಾಗಿ ಆರಿಸುವವರೆಗೂ ಕೋಟು ತೊಟ್ಟು ಕುಳಿತೇ ಇದ್ದರು, ಇನ್ನೂ ಏನಾದರೂ ಆಗಬಹುದೇನೋ ಎಂಬಂತೆ. ಮರ್ವ್ ಮಾತ್ರ, "ನಡಿ ಲೆಂಪಿ, ಮನೆ ತನಕ ಬಿಡ್ತೀನಿ," ಎಂದ. ಇಡೀ ದಾರಿ ಅವನು ಒಂದು ಕೆಣಕುಮಾತನ್ನೂ ಆಡಲಿಲ್ಲ. ಅದೇ ಅವಳಿಗೆ ತಡೆಯಲಾರದಾಯಿತು.

ಸೋಮವಾರ ಬೆಳಿಗ್ಗೆ ಬಿಸಿಲು ಹರಡಿತ್ತು; ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ತಿಯೆರಿಯ ಚೀಲಗಳು ಬಾಗಿಲ ಬಳಿ ಇದ್ದವು. ಅವನ ತಂದೆ ಮಧ್ಯಾಹ್ನ ಕಾರು ತರುವವನಿದ್ದ. ಲೆಂಪಿ ಎಂದಿನಂತೆ ಎದ್ದು ಹಿಟ್ಟು ನಾದಿದ್ದಳು. ಅಟ್ಟದ ಹಾಸಿಗೆಯ ದುಪ್ಪಟಿಗಳನ್ನು ಒಗೆದು ಮಡಚಿ, ಹಾಸದೆ, ಪೆಟ್ಟಿಗೆಯೊಳಗಿಟ್ಟಿದ್ದಳು.

"ಮೇಡಮ್, ಒಂದು ಮಾತು ಕೇಳ್ಲಾ?" ಎಂದ ತಿಯೆರಿ. "ಆ ದಿನ ನಮ್ಮಿಬ್ಬರನ್ನೂ ಬದಲಾಯಿಸಿದ್ದು ಹೆದ್ದಾರಿಯ ಪೆಟ್ರೋಲ್ ಬಂಕಲ್ಲಿ. ಎರಡು ವ್ಯಾನು ಅರ್ಧ ದಾರೀಲಿ ಬಂದು ನಿಂತ್ವು. ಡೇನ್ ನನಗೆ ಅರ್ಧ ಬ್ರೆಡ್ ಮುರಿದು ಕೊಟ್ಟ. ಮಂಚದ ಎಡಗಡೆ ಕಿರುಗುಟ್ಟುತ್ತೆ ಅಂದ. ಮೊದಲನೇ ರಾತ್ರಿ ಅವರು ಒಂದು ಕಥೆ ಹೇಳ್ತಾರೆ, ಎರಡು ಸಲ ಹೇಳಿಸ್ಕೋ ಅಂದ." ಅವನು ಬಟ್ಟಲಿನ ಅಂಚನ್ನು ಬೆರಳಿಂದ ಒರೆಸಿದ. "ನಾನು ಕಾದೆ. ಆಮೇಲೆ, ನನಗಲ್ಲವೇನೋ ಅಂದ್ಕೊಂಡೆ. ನಿನ್ನೆ ಆಟ ಮುಗಿದಾಗ ಅವನು ಮತ್ತೆ ಕೇಳಿದ, 'ಕಥೆ ಹೇಳಿದ್ರಾ?' ಅಂತ."

ಲೆಂಪಿ ಒಲೆಯ ಕಡೆಗೆ ತಿರುಗಿಯೇ ನಿಂತಿದ್ದಳು. ಬ್ರೆಡ್ಡನ್ನು ಹೊರತೆಗೆದು, ಕೊಯ್ದು, ಅವನ ಮುಂದಿಟ್ಟಳು. ಕೈಗಳನ್ನು ಬಟ್ಟೆಗೆ ಒರೆಸಿಕೊಂಡಳು.

"ಕಥೆ ಏನೂ ಇಲ್ಲಪ್ಪ," ಎಂದಳು. "ಐಸು ಕರಗಿತ್ತು. ಕಣಿವೆಯಿಂದ ಹಿಮ ಹೊತ್ಕೊಂಡು ಬಂದ್ವಿ. ಹಾಸಿದ್ವಿ. ರಾತ್ರಿ ಚಳಿ ಬಿತ್ತು. ಆಡಿದ್ರು, ಗೆದ್ರು. ಅಷ್ಟೇ."

ತಿಯೆರಿ ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ತಿಂದ. ಮಾಡಿನ ಮೇಲಿನ ಹಿಮದ ದೊಡ್ಡ ಹೆಂಟೆಯೊಂದು ಸಡಿಲಗೊಂಡು, ಧಡ್ಡೆಂದು ಕಿಟಕಿಯ ಹೊರಗೆ ಬಿತ್ತು. ಇಬ್ಬರೂ ಅತ್ತ ನೋಡಿದರು. ಲೆಂಪಿ ಕುರ್ಚಿಯನ್ನೆಳೆದು ಅವನೆದುರು ಕುಳಿತು, ಅಂಗೈಗಳನ್ನು ಮೇಲ್ಮುಖವಾಗಿ ಮೇಜಿನ ಮೇಲೆ ಇಟ್ಟುಕೊಂಡಳು.

"ಇನ್ನೊಂದ್ಸಲ ಹೇಳಿ, ಮುಮ್ಮು," ಎಂದ ಹುಡುಗ. "ಕುದುರೆ ಇನ್ನೂ ಬರಲಿಲ್ಲ."