ಮೂತ್ರಪಿಂಡದಲ್ಲೊಂದು ಕೆಂಪು ಪಟ್ಟೆ

ಇಲಿಯ ಮೂತ್ರಪಿಂಡದ ತೆಳು ಹೋಳಿನಲ್ಲಿ ಯಾವ ಜಾಗದಲ್ಲಿ ಯಾವ ಜೀನು ಎಷ್ಟು ಚುರುಕಾಗಿದೆ ಎಂದು ಲೆಕ್ಕ ಹಾಕಿ ಬಣ್ಣದ ನಕ್ಷೆ ಮಾಡುವುದು ಪ್ರಯೋಗಾಲಯದ ಕಿರಿಯ ಸಂಶೋಧಕಿಯಾದ ಅವಳ ಕೆಲಸ. ಒಂದು ಹೋಳಿಗೆ ನಾಲ್ಕು ಸಾವಿರ ಚುಕ್ಕೆ, ಚುಕ್ಕೆಗೆ ಸಾವಿರಾರು ಜೀನು. ಇದನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ಅದು ಅರಗಿಸಿಕೊಳ್ಳುವವರೆಗೆ ಉಗುರು ಕಚ್ಚುತ್ತ ಕೂತು ಮೂರು ವರ್ಷ ಕಳೆದಿದ್ದಳು. ಆ ಮಂಗಳವಾರ ನಕ್ಷೆಯ ನಟ್ಟನಡುವೆ ಕಡುಗೆಂಪು ಪಟ್ಟೆಯೊಂದು ಮೂಡಿತು. ಯಾವ ಪುಸ್ತಕದಲ್ಲೂ ಇಲ್ಲದ ಪಟ್ಟೆ.

ಪ್ರೊಫೆಸರು ಬಂದು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಹೊಸ ಜಾತಿಯ ಜೀವಕೋಶ ಕಣಮ್ಮಾ ಇದು!" ಸಂಜೆಯೊಳಗೆ ಅದಕ್ಕೆ ತಮ್ಮ ಹೆಸರನ್ನೇ ಇಟ್ಟು, ಶುಕ್ರವಾರ ಸಂಸ್ಥೆಯ ನಿರ್ದೇಶಕರೆದುರು ಭಾಷಣವನ್ನೂ ಗೊತ್ತುಮಾಡಿಕೊಂಡರು.

ಅವಳು ಫೋನಿನಲ್ಲಿ ಅಮ್ಮನಿಗೆ ಬಾಯಿಬಿಟ್ಟದ್ದೇ ತಪ್ಪಾಯಿತು. ಅರ್ಧ ಗಂಟೆಯಲ್ಲಿ ಚಿಕ್ಕಮ್ಮನ ಕರೆ. "ಏನೇ, ಕಿಡ್ನೀಲಿ ಏನೋ ಕಂಡುಹಿಡಿದ್ಯಂತೆ? ನಿಮ್ಮ ಚಿಕ್ಕಪ್ಪನ ಕಲ್ಲು ಕರಗುತ್ತಾ?"

"ಇದು ಇಲೀದು ಚಿಕ್ಕಮ್ಮ."

"ಇರಲಿ ಬಿಡೇ, ಅವರೇನು ಹುಲಿನಾ?"

ಗುರುವಾರ ಮಧ್ಯಾಹ್ನ, ಪಟ್ಟೆಯಲ್ಲಿ ಯಾವ ಯಾವ ಜೀನು ಏರಿದೆ ಎಂದು ಅವಳು ಪಟ್ಟಿ ತೆಗೆದಳು. ಎಲ್ಲವೂ ಏರಿದ್ದವು, ಹೆಚ್ಚುಕಡಿಮೆ ಎರಡು ಪಟ್ಟು. ಹೊಸ ಕೋಶವಾದರೆ ಕೆಲವು ಏರಬೇಕು, ಕೆಲವು ಇಳಿಯಬೇಕು. ಇದು ಒಂದೇ ಜಾಗದಲ್ಲಿ ಎರಡು ಪದರ ಕೂತ ಹಾಗಿತ್ತು.

ಹೋಳು ಕತ್ತರಿಸುವ ತಂತ್ರಜ್ಞರ ಬಳಿಗೆ ಓಡಿದಳು. ಇಪ್ಪತ್ತೆಂಟು ವರ್ಷದ ಸರ್ವಿಸು. ಇಡೀ ಪ್ರಯೋಗಾಲಯಕ್ಕೆ ಅವರು ಮಾಮ.

"ಮಾಮ, ಹೋಳು ಎಲ್ಲಾದ್ರೂ ಮಡಚಿಕೊಂಡಿರಬಹುದಾ?"

ಮಾಮ ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟರು. "ಮಡಚೋದು? ನನ್ನ ಕೈಲಿ? ನಿನ್ನ ಕಂಪ್ಯೂಟರಿಗೆ ತಲೆ ಕೆಟ್ಟಿರಬೇಕು."

ಹಾಗೆಂದರೂ ಹೋಳಿನ ಫೋಟೋವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದರು. ಕೂದಲೆಳೆಯಂಥ ಮಡಿಕೆ, ಪಟ್ಟೆ ಇದ್ದಲ್ಲೇ.

"ಅವತ್ತು ನಂಗೆ ಸೀನು ಬಂತು," ಎಂದರು ಮೆಲ್ಲಗೆ. "ತಡ್ಕೊಂಡೆ. ಅರ್ಧ ತಡ್ಕೊಂಡೆ."

ಪ್ರೊಫೆಸರ ಬಾಗಿಲಲ್ಲಿ ಇಬ್ಬರೂ ನಿಂತರು. "ನೀವು ಹಿರಿಯರು, ನೀವೇ ಹೇಳಿ." "ನಕ್ಷೆ ನಿಂದು, ನೀನೇ ಹೇಳು." ಒಳಗೆ ಪ್ರೊಫೆಸರು ಕಿಟಕಿಯ ಗಾಜಿಗೆ ಭಾಷಣ ಒಪ್ಪಿಸುತ್ತಿದ್ದರು. ಕೊನೆಗೆ ಅವಳೇ ಹೇಳಿದಳು. ಅವರು ಕುರ್ಚಿಯಲ್ಲಿ ಕುಸಿದರು.

"ಸ್ವಲ್ಪಾನೂ ನಿಜ ಇರಲಿಕ್ಕಿಲ್ವಾ?"

"ಪಕ್ಕದ ಹೋಳಿನ ಲೆಕ್ಕಾನೂ ನೋಡಿದೆ ಸರ್. ಪಟ್ಟೆಯ ಸುಳಿವೇ ಇಲ್ಲ."

ಶುಕ್ರವಾರ ಅವಳು ಹಿಂದಿನ ಸಾಲಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಿದ್ದಳು. ಪ್ರೊಫೆಸರು ಎದ್ದು ಗಂಟಲು ಸರಿಮಾಡಿಕೊಂಡು, "ಮಡಿಕೆ ಬಿದ್ದ ಹೋಳುಗಳು ವಿಜ್ಞಾನಿಗಳಿಗೆ ಹೇಗೆ ಟೋಪಿ ಹಾಕುತ್ತವೆ" ಎಂಬುದರ ಮೇಲೆ ನಲವತ್ತು ನಿಮಿಷ ಮಾತಾಡಿದರು, ಹುಟ್ಟಿದಾಗಿನಿಂದ ಅದೇ ಅವರ ಚಿಂತೆಯೇನೋ ಎಂಬಂತೆ. ಭರ್ಜರಿ ಚಪ್ಪಾಳೆ ಬಿತ್ತು. ನಿರ್ದೇಶಕರಿಗೆ ಎಷ್ಟು ಹಿಡಿಸಿತೆಂದರೆ, ಮಡಿಕೆ ಪತ್ತೆಮಾಡಿದ್ದು ಯಾರೆಂದು ಕೇಳಿ ತಿಳಿದುಕೊಂಡು, ಉಳಿದ ಪ್ರಯೋಗಾಲಯಗಳ ನಕ್ಷೆಗಳನ್ನೂ ಅವಳೇ ಪರೀಕ್ಷಿಸಲಿ ಎಂದು ಅಪ್ಪಣೆ ಮಾಡಿಬಿಟ್ಟರು.

ಸೋಮವಾರ ಅವಳ ಮೇಜಿನ ಮೇಲೆ ಹನ್ನೊಂದು ನಕ್ಷೆ. ವಾರದೊಳಗೆ ನಾಲ್ಕು ಮಹಾ ಸಂಶೋಧನೆಗಳು ಮಡಿಕೆಗಳಾಗಿ ಹೋದವು. ಕ್ಯಾಂಟೀನಿನಲ್ಲಿ ಅವಳು ತಟ್ಟೆ ಹಿಡಿದು ಹೋದರೆ ನಾಲ್ಕು ಮೇಜುಗಳು ಮುಖ ತಿರುಗಿಸಿದವು.

ಮೂಲೆಯಿಂದ ಮಾಮ ಕಾಲಲ್ಲೇ ಕುರ್ಚಿ ಸರಿಸಿಕೊಟ್ಟರು. "ಬಾ, ಕೂತ್ಕೋ. ಅವರ ಹೋಳು ಕತ್ತರಿಸಿದ್ದೂ ನಾನೇ ಅಂತ ಇನ್ನೂ ಯಾರಿಗೂ ಹೊಳೆದಿಲ್ಲ. ಮೆಲ್ಲಗೆ ಮಾತಾಡು."